ಬಡಬಡ ಹಾಡಿನ ಹೆಣ್ಣುದನಿ

ಆ ಹಾಡಿನ ಮೇಲೆ ನಮ್ಮ ಮನೆಯಲ್ಲಿ ಮೊದಲು ಅನುಮಾನಪಟ್ಟವಳು ಆಯಿ. ಆಯಿ ಎಂದರೆ ಅಪ್ಪನ ತಾಯಿ. ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಮೊರದಲ್ಲಿ ಶೇಂಗಾ ಆರಿಸುತ್ತ ಕುಳಿತಿದ್ದಳು. ಎದುರಿನ ಮಾಬುಕಾಕಾನ ಕ್ಯಾಸೆಟ್ ಅಂಗಡಿಯಲ್ಲಿ ಆ ವಾರವಷ್ಟೇ ಬಂದ ಸಿನಿಮಾ ಹಾಡೊಂದು ಬೆಳಗಿನಿಂದ ಐದನೆಯ ಸಲವೋ ಆರನೆಯ ಸಲವೋ ಮೊಳಗುತ್ತಿತ್ತು. ಅದರಲ್ಲಿ ಗಂಡಸು ಹಾಡುವುದೇ ಇಲ್ಲ. ಜಗಳಕ್ಕೆ ನಿಂತವನ ಹಾಗೆ, ಆದರೆ ತಾಳ ತಪ್ಪದೆ, ಮಾತಾಡುತ್ತಲೇ ಹೋಗುತ್ತಾನೆ. ಅವನು ಉಸಿರಿಗೆ ನಿಂತಲ್ಲಿ ಹೆಣ್ಣೊಬ್ಬಳ ದನಿ ಕೆಳಗಿನಿಂದ ಎದ್ದು ಬರುತ್ತದೆ. ದಪ್ಪ ದನಿ. ಮೊದಲು ಮಾತಿಲ್ಲದ ಗುನುಗು, ಆಮೇಲೆ ನಮ್ಮ ಸೀಮೆಯ ಭಾಷೆಯಲ್ಲೇ ಒಂದು ಸಾಲು: ನನ್ನ ಹೆಸರ ಕೇಳಬ್ಯಾಡ, ನಾ ನಡದ ದಾರಿ ಕೇಳ. ಆ ಸಾಲು ಬಂದಾಗ ಆಯಿಯ ಕೈ ಮೊರದಲ್ಲೇ ನಿಂತಿತು.

"ಶೈಲಾ, ಇದು ನಿಮ್ಮ ಗಿರಿಜತ್ತಿ ದನಿ ಅಲ್ಲೇನ?"

ನನಗಾಗ ಹನ್ನೊಂದು ವರ್ಷ. ನಕ್ಕುಬಿಟ್ಟೆ. ಆಯಿ ನಗಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟು ಅಡುಗೆಮನೆಯ ಹಿಂದಿನ ಭಟ್ಟಿಕೋಣೆಯ ಕಡೆ ನೋಡಿದಳು. ಗಿರಿಜತ್ತಿ ಅಲ್ಲಿದ್ದಳು, ಯಾವಾಗಲೂ ಅಲ್ಲೇ ಇರುತ್ತಿದ್ದಳು. ನಮ್ಮದು ಸವಣೂರಿನಲ್ಲಿ ಖಾರಾ ಮಾಡಿ ಮಾರುವ ಮನೆ. ಮುಂದೆ ಅಂಗಡಿ, ನಡುವೆ ಪಡಸಾಲೆ, ಅದರ ಬಲಕ್ಕೆ ದೇವರ ಕೋಣೆ, ಎಡಕ್ಕೆ ಅಡುಗೆಮನೆ, ಕೊನೆಗೆ ಹಿತ್ತಿಲಿಗೆ ತಾಗಿದಂತೆ ಭಟ್ಟಿಕೋಣೆ. ಕಡಲೆಹಿಟ್ಟಿನ ಸೇವು ಕರಿಯುವುದು, ಅವಲಕ್ಕಿ ಹುರಿಯುವುದು, ಬಿಸಿ ಆರುವ ಮೊದಲೇ ಖಾರದ ಪುಡಿ ಬೆರೆಸುವುದು ಎಲ್ಲ ಅಲ್ಲೇ. ಆ ಕೋಣೆಯ ಗೋಡೆಗಳು ಎಣ್ಣೆಯ ಹೊಗೆಗೆ ಕಪ್ಪಾಗಿ ಹೊಳೆಯುತ್ತಿದ್ದವು. ಅಪ್ಪನ ತಂಗಿ ಗಿರಿಜತ್ತಿಯನ್ನು ಹಿರೇಕೆರೂರಿಗೆ ಕೊಟ್ಟಿದ್ದರು. ಎರಡು ವರ್ಷವೂ ತುಂಬುವ ಮೊದಲೇ ಗಂಡ ಇನ್ನೊಬ್ಬಳನ್ನು ತಂದು ಮನೆಯಲ್ಲಿ ಇಟ್ಟುಕೊಂಡ ಮೇಲೆ ಒಂದು ಟ್ರಂಕು ಹಿಡಿದು ತವರಿಗೆ ಬಂದಳು. ಬಂದ ಮರುದಿನವೇ ಭಟ್ಟಿಯ ಮುಂದೆ ಕುಳಿತವಳು, ನನಗೆ ನೆನಪು ಮೂಡುವ ಹೊತ್ತಿಗೆ ಆ ಕೋಣೆಯ ಒಂದು ಭಾಗವೇ ಆಗಿದ್ದಳು.

ಅತ್ತಿಯ ದನಿ ನಮ್ಮ ಮನೆಯಲ್ಲಿ ಮುಚ್ಚಿಡುವ ಸಂಗತಿಯಾಗಿತ್ತು. ಅದು ಗಂಡಸರ ದನಿಯಷ್ಟು ಕೆಳಗಿನದು. ಒಂದು ಶ್ರಾವಣದಲ್ಲಿ ಮಠದ ಭಜನೆಯಲ್ಲಿ ಅವಳು ಬಾಯಿಬಿಟ್ಟು ಹಾಡಿದಾಗ ಮುಂದಿನ ಸಾಲಿನ ಹೆಂಗಸರು ಹಿಂತಿರುಗಿ ನೋಡಿ ಸೆರಗಿನಲ್ಲಿ ನಕ್ಕಿದ್ದರಂತೆ. ಮನೆಗೆ ಬಂದ ಆಯಿ ಹೇಳಿದಳಂತೆ, ಇನ್ನು ಮುಂದೆ ಚಪ್ಪಾಳೆ ಅಷ್ಟೇ ತಟ್ಟು, ಹಾಡಬೇಡ ಎಂದು. ಅಂದಿನಿಂದ ಅತ್ತಿ ಹಾಡುತ್ತಿದ್ದುದು ಭಟ್ಟಿಯ ಮುಂದೆ ಮಾತ್ರ, ಎಣ್ಣೆ ಚುರುಗುಟ್ಟುವ ಸದ್ದಿನ ಹಿಂದೆ. ಯಾರಿಗೂ ಕೇಳುವುದಿಲ್ಲ ಎಂದು ಅವಳು ತಿಳಿದಿದ್ದಳು. ನಮಗೆಲ್ಲ ಕೇಳುತ್ತಿತ್ತು. ಕೇಳುತ್ತಿದೆ ಎಂದು ಯಾರೂ ಹೇಳಿರಲಿಲ್ಲ.

ಅಂದು ಮಧ್ಯಾಹ್ನವೇ ಆಯಿ ಮಾಬುಕಾಕಾನನ್ನು ಕರೆಸಿದಳು. ಆತ ಕ್ಯಾಸೆಟ್ ಹಿಡಿದುಕೊಂಡೇ ಬಂದ. ಕವಚದ ಮೇಲೆ ಮಾತಾಡುವ ಗಂಡಸಿನ ಹೆಸರು ದಪ್ಪಕ್ಷರದಲ್ಲಿತ್ತು, ಹೆಣ್ಣಿನ ಹೆಸರು ಇರಲಿಲ್ಲ. 'ಮತ್ತು ಸಂಗಡಿಗರು' ಎಂದಿತ್ತು, ಅಷ್ಟೇ. ಈಚೆಗೆ ಮೊಬೈಲಿನಲ್ಲಿ ಹುಡುಕಿ ನೋಡಿದೆ, ಹಾಡು ಸಿಕ್ಕಿತು. ಅಲ್ಲಿಯೂ ಆ ಹೆಂಗಸಿನ ಹೆಸರಿಲ್ಲ.

"ಹೆಸರ ಯಾಕ ಹಾಕಿಲ್ಲೋ ಮಾಬು? ಮುಚ್ಚಿಡೂದು ಏನೈತಿ ಅದರಾಗ?"

"ನನಗೇನ ಗೊತ್ತ ಆಯಿ. ಹುಬ್ಬಳ್ಳ್ಯಾಗ ಹೋಲ್‌ಸೇಲ್‌ದವ ಕೊಟ್ಟ, ತಂದೆ. ಗಂಡಸು ಮಾತಾಡತಾನಲ್ಲ, ಅದಕ್ಕ ಹಿಪ್‌ಹಾಪ್ ಅಂತಾರಂತ. ಆ ಹೆಣ್ಮಗಳು ಹಾಡೂದಕ್ಕ ಸೋಲ್ ಅಂತಾರಂತ."

"ಸೋಲಾ? ಯಾರ ಸೋತಾರೋ?"

ಹಿಪ್‌ಹಾಪ್ ಎಂಬ ಮಾತು ಆಯಿಯ ಬಾಯಲ್ಲಿ ಹೊರಳಲಿಲ್ಲ, ನಮ್ಮ ಮನೆಯಲ್ಲಿ ಅದಕ್ಕೆ ಬಡಬಡ ಹಾಡು ಎಂದೇ ಹೆಸರಾಯಿತು. ಊರಿನಲ್ಲೂ ಹಾಗೇ ಕರೆದರು. ಹದಿನೈದು ದಿನಗಳಲ್ಲಿ ಅದು ಕೇಳದ ಜಾಗವೇ ಉಳಿಯಲಿಲ್ಲ. ಎಲೆಬಳ್ಳಿಯ ತೋಟದಿಂದ ವೀಳ್ಯದೆಲೆಯ ಪೆಂಡಿ ಹೊತ್ತು ಬರುವ ಟೆಂಪೋಗಳಲ್ಲಿ, ಕ್ಷೌರದ ಅಂಗಡಿಯಲ್ಲಿ, ಮದುವೆಯ ಮೆರವಣಿಗೆಯಲ್ಲಿ ಎಲ್ಲೆಲ್ಲೂ ಅದೇ. ಶಾಲೆಯ ಹುಡುಗರು ಗಂಡಸಿನ ಮಾತುಗಳನ್ನು ಒಂದೇ ಉಸಿರಿಗೆ ಒದರಿ, ಹೆಣ್ಣಿನ ಸಾಲು ಬಂದಾಗ ಗಂಟಲು ಒತ್ತಿಕೊಂಡು ದನಿ ದಪ್ಪ ಮಾಡುತ್ತಿದ್ದರು. ಅವರು ನನ್ನನ್ನು ನೋಡಿಯೇ ಹಾಗೆ ಮಾಡುತ್ತಾರೆ ಎಂದು ನನಗೆ ಅನಿಸತೊಡಗಿತು.

ಅಪ್ಪ ಮೊದಲು ಆಯಿಯ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಒಂದು ದಿನ ಹಂಸಭಾವಿಯ ಗಿರಾಕಿಯೊಬ್ಬರು ಖಾರಾ ಒಯ್ಯಲು ಬಂದಾಗ ಅವರೊಡನೆ ಆಡಿದ ಮಾತು ಅಪ್ಪನ ಮುಖವನ್ನೇ ಬದಲಿಸಿತು. ಎರಡು ತಿಂಗಳ ಹಿಂದೆ ಅತ್ತಿ ನಾಲ್ಕು ದಿನ ಮನೆಯಲ್ಲಿರಲಿಲ್ಲ. ಹಂಸಭಾವಿಯಲ್ಲಿ ತನ್ನ ಗೆಳತಿ ನೀಲಾಳ ಮಗುವಿಗೆ ಹೆಸರಿಡುವ ಕಾರ್ಯ ಎಂದು ಹೇಳಿ ಹೋಗಿದ್ದಳು. ಆ ಗಿರಾಕಿ ನೀಲಾಳ ಮನೆಯ ಪಕ್ಕದವರೇ. ನೀಲಾ ಗಂಡನ ಜೊತೆ ಊರು ಬಿಟ್ಟು ವರ್ಷವಾಯಿತು, ಮನೆಗೆ ಬೀಗ ಬಿದ್ದಿದೆ ಎಂದು ಸಹಜವಾಗಿ ಹೇಳಿ ಅವರು ಹೋದರು. ಅಪ್ಪ ತಕ್ಕಡಿಯನ್ನು ಹಿಡಿದುಕೊಂಡು ಹಾಗೇ ನಿಂತಿದ್ದ.

ಅಂದಿನ ಊಟ ನನಗೆ ಚೆನ್ನಾಗಿ ನೆನಪಿದೆ. ಜೋಳದ ರೊಟ್ಟಿ, ಪುಂಡಿಪಲ್ಲೆ, ಗಟ್ಟಿ ಮೊಸರು. ಅಪ್ಪ ರೊಟ್ಟಿ ಮುರಿದವನು ಬಾಯಿಗೆ ಇಡದೆ ಕೇಳಿದ.

"ಗಿರ್ಜಿ, ಆ ನಾಕ ದಿನ ನೀ ಎಲ್ಲಿದ್ದಿ?"

ಅತ್ತಿ ತಲೆ ಎತ್ತಲಿಲ್ಲ. "ಹೇಳಿದ್ದೆನಲ್ಲ ಅಣ್ಣಾ."

"ಹೇಳಿದ್ದು ಸುಳ್ಳಂತ ಇವತ್ತ ಗೊತ್ತಾತು. ಹುಬ್ಬಳ್ಳಿಗೆ ಹೋಗಿದ್ದಿಲ್ಲ? ಹಾಡಾಕ?"

ಅತ್ತಿ ಆಗ ತಲೆ ಎತ್ತಿ ಅಪ್ಪನನ್ನು ನೋಡಿದಳು. ಅವಳ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ತನ್ನ ತಾಟಿನ ರೊಟ್ಟಿಗೆ ಮೊಸರು ಹಾಕಿಕೊಂಡಳು. ನಮ್ಮ ಅವ್ವ ಅಪ್ಪನಿಗೆ ಎದುರಾಡುವ ಹೆಂಗಸಲ್ಲ. ಆದರೆ ಅಂದು ಪಲ್ಲೆಯ ಪಾತ್ರೆಯನ್ನು ಸದ್ದಾಗುವಂತೆ ಕೆಳಗಿಟ್ಟಳು.

"ಹಾಡ್ಯಾಳೋ ಬಿಟ್ಟಾಳೋ ನನಗ ಗೊತ್ತಿಲ್ರಿ. ಹಾಡಿದ್ದರ ಚಂದ ಹಾಡ್ಯಾಳ. ಕಳವು ಮಾಡಿದವರನ್ನ ಕೇಳಿದಂಗ ಕೇಳಬ್ಯಾಡ್ರಿ."

"ನಿನಗ ತಿಳೀದುಲ್ಲ, ಸುಮ್ಮನಿರು. ಬರೂ ಸೋಮವಾರ ಹಾನಗಲ್ಲಾಗ ಹಿರೇರು ಕೂಡತಾರ. ಈ ಸುದ್ದಿ ಅವರ ಕಿವಿಗೆ ಬಿತ್ತಂದ್ರ ಮುಗೀತು."

ಹಾನಗಲ್ಲಿನ ವಿಷಯ ಹೀಗಿತ್ತು. ಅತ್ತಿಯ ಗಂಡನ ಸೋದರಮಾವ ಚನ್ನಬಸಪ್ಪ ಅಲ್ಲಿಯವರು, ದೊಡ್ಡ ಜಮೀನುದಾರರು, ಎರಡೂ ಕಡೆಯವರಿಗೆ ಬೇಕಾದವರು. ಅವರು ನಡುವೆ ಬಿದ್ದು ಅತ್ತಿಯನ್ನು ಮತ್ತೆ ಗಂಡನ ಮನೆಗೆ ಕಳುಹಿಸುವ ಮಾತು ನಡೆಸಿದ್ದರು. ಅಪ್ಪನಿಗೂ ಆಯಿಗೂ ಅದೊಂದೇ ಆಸೆ. ಅತ್ತಿ ಒಲ್ಲೆ ಎಂದಿದ್ದಳು. ಆಯಿ ದೇವರ ಮುಂದೆ ಕೂರಿಸಿ ಕೇಳಿದಾಗಲೂ ಒಲ್ಲೆ ಎಂದಿದ್ದಳು, ಅಪ್ಪ ಕೇಳಿದಾಗಲೂ ಅದೇ. ಅದನ್ನು ಮನೆಯವರು ನಾಚಿಕೆ ಎಂದೋ ಸಿಟ್ಟು ಎಂದೋ ತಿಳಿದು ತಮ್ಮ ಕೆಲಸ ಮುಂದುವರಿಸಿದ್ದರು.

ಊಟವಾದ ಮೇಲೆ ಆಯಿ ನನ್ನನ್ನು ದೇವರ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಳು. ವಿಭೂತಿಯ ವಾಸನೆಯ ಆ ಸಣ್ಣ ಕೋಣೆಯಲ್ಲಿ ನನ್ನ ಗಲ್ಲ ಹಿಡಿದು, ಅತ್ತಿ ಎಲ್ಲಿಗೆ ಹೋದರೂ ಜೊತೆಗೆ ಹೋಗಬೇಕು, ಯಾರ ಜೊತೆ ಮಾತಾಡಿದರೂ ಬಂದು ತನಗೆ ಹೇಳಬೇಕು ಎಂದಳು. ನನಗೆ ಹೆಮ್ಮೆಯಾಯಿತು. ಅದನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಆಗ ಹೆಮ್ಮೆಯೇ ಆದದ್ದು. ಐದು ದಿನ ನಾನು ಅವಳ ನೆರಳಾದೆ. ಅವಳು ಸೇವು ಒತ್ತುವಾಗ ಎದುರು ಕುಳಿತು ತುಟಿ ಅಲುಗುತ್ತದೆಯೇ ಎಂದು ನೋಡುತ್ತಿದ್ದೆ. ಮಾಬುಕಾಕಾನ ಅಂಗಡಿಯಿಂದ ಆ ಸಾಲು ಕೇಳಿಬಂದಾಗ ಅವಳ ಕಣ್ಣು ಎತ್ತ ಹೋಗುತ್ತದೆ ಎಂದು ಗಮನಿಸುತ್ತಿದ್ದೆ. ಅವಳು ನಕ್ಕರೆ ಯಾಕೆ ನಕ್ಕಳು, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾಳೆ ಎಂದು ಲೆಕ್ಕ ಹಾಕುತ್ತಿದ್ದೆ. ಒಬ್ಬರನ್ನು ಸಂಶಯದಿಂದ ನೋಡಲು ಶುರುಮಾಡಿದರೆ ಅವರು ನೀರು ಕುಡಿಯುವುದೂ ಗುಟ್ಟಾಗಿ ಕಾಣುತ್ತದೆ. ಅತ್ತಿಗೆ ಇದೆಲ್ಲ ತಿಳಿದಿತ್ತು. ಒಮ್ಮೆ ಬಿಸಿ ಸೇವಿನ ತುಣುಕನ್ನು ನನ್ನ ಅಂಗೈಗೆ ಹಾಕಿ, "ಇದನ್ನೂ ಆಯಿಗೆ ಹೇಳತೀಯೇನ?" ಎಂದು ಕೇಳಿದಳು.

ಶನಿವಾರ ಅವಳು ಹಿತ್ತಿಲಲ್ಲಿ ಬಟ್ಟೆ ಒಗೆಯುವಾಗ ನಾನು ಅವಳ ಟ್ರಂಕು ತೆರೆದೆ. ಕೆಳಗೆ, ಮದುವೆಯ ಸೀರೆಯ ಅಡಿಯಲ್ಲಿ, ಬಟ್ಟೆಯಂಗಡಿಯ ಕೈಚೀಲವೊಂದಿತ್ತು. ಅದರ ಮೇಲೆ ಅಂಗಡಿಯ ಹೆಸರು, ಕೆಳಗೆ ಹಿರೇಕೆರೂರು ಎಂದು ಅಚ್ಚಾಗಿತ್ತು. ಚೀಲ ಹೊಚ್ಚ ಹೊಸದು, ಮಡಿಕೆಯೂ ಮಾಸಿರಲಿಲ್ಲ. ಒಳಗೆ ಹಳೆಯ ರೇಷ್ಮೆ ಕುಪ್ಪಸದಿಂದ ಕತ್ತರಿಸಿದ ತುಂಡುಗಳು, ಅರ್ಧ ಹೊಲಿದ ಕುಂಚಿಗೆ. ಕೂಸಿನ ತಲೆಗೂ ಬೆನ್ನಿಗೂ ಹೊದಿಸುವ ಅಂಥ ಕುಂಚಿಗೆ ನಮ್ಮ ಮನೆಯಲ್ಲಿ ಬೇಕಾದವರು ಯಾರೂ ಇರಲಿಲ್ಲ. ನನಗೆ ಕುಂಚಿಗೆ ಅರ್ಥವಾಗಲಿಲ್ಲ. ಚೀಲ ಅರ್ಥವಾಯಿತು. ಅತ್ತಿ ಆ ನಾಲ್ಕು ದಿನ ಹೋದದ್ದು ಹುಬ್ಬಳ್ಳಿಗಲ್ಲ, ಗಂಡನ ಊರಿಗೆ. ಹಾಗಾದರೆ ಹಾಡಿದವಳು ಅವಳಲ್ಲ. ಎಲ್ಲರೂ ತಪ್ಪಾಗಿ ತಿಳಿದದ್ದನ್ನು ನಾನೊಬ್ಬಳೇ ಸರಿಯಾಗಿ ಕಂಡುಹಿಡಿದಿದ್ದೆ. ಆದರೆ ಆಯಿಗೆ ಹೇಳಲಿಲ್ಲ. ಹಾನಗಲ್ಲಿನಲ್ಲಿ ಎಲ್ಲರ ಮುಂದೆ ತೋರಿಸಿ ಅತ್ತಿಯನ್ನು ನಾನೇ ಉಳಿಸಬೇಕು ಎಂಬ ಆಸೆ ನನ್ನದು. ಕುಂಚಿಗೆಯನ್ನು ಸೀರೆಯ ಅಡಿಗೆ ಇಟ್ಟು, ಚೀಲವನ್ನಷ್ಟೇ ಸಣ್ಣಗೆ ಮಡಚಿ ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಸೋಮವಾರ ಬೆಳಿಗ್ಗೆ ಅಪ್ಪ, ಅತ್ತಿ, ಕಾವಲಿಗೆ ನಾನು, ಹಾನಗಲ್ಲಿಗೆ ಹೋದೆವು. ಚನ್ನಬಸಪ್ಪನವರ ಪಡಸಾಲೆ ನಮ್ಮ ಇಡೀ ಮನೆಯಷ್ಟಿತ್ತು. ಗಂಡಸರು ಜಮಖಾನೆಯ ಮೇಲೆ ಸುತ್ತ ಕುಳಿತಿದ್ದರು. ಅತ್ತಿಯ ಗಂಡ ಒಂದು ಮೂಲೆಯಲ್ಲಿ ಜಮಖಾನೆಯ ದಾರ ಕೀಳುತ್ತ ಕುಳಿತಿದ್ದ. ಅತ್ತಿಯೂ ನಾನೂ ಅಡುಗೆಮನೆಯ ಹೊಸ್ತಿಲ ಹತ್ತಿರ ಕುಳಿತೆವು. ಕ್ಷೇಮಸಮಾಚಾರ ಮುಗಿದ ಮೇಲೆ ಚನ್ನಬಸಪ್ಪನವರು ಗಂಟಲು ಸರಿಮಾಡಿಕೊಂಡರು. ಅವರ ಮಾತು ಮೃದುವಾಗಿಯೇ ಇತ್ತು.

"ನೋಡ ತಂಗಿ, ಹುಡುಗ ತಪ್ಪ ಒಪ್ಪಿಕೊಂಡಾನ. ಆ ಇನ್ನೊಂದು ಸಂಬಂಧ ಬಿಡಸ್ತೇವಿ, ಅಕಿನ್ನ ಅಕಿ ಊರಿಗೆ ಕಳಸ್ತೇವಿ. ಆದರ ಜನ ಒಂದ ಮಾತ ಆಡಾಕತ್ತಾರ. ಆ ಸಿನಿಮಾ ಹಾಡಿನ್ಯಾಗ ಇರೂದು ನಿನ್ನ ದನಿ ಅಂತಾರ. ನಮ್ಮಂಥಾ ಮನಿತನದಾಗ ಅದು ನಡ್ಯೂದುಲ್ಲ. ಅಲ್ಲ ಅನ್ನು, ಇಲ್ಲಿಗೆ ಮುಗಸೂಣು."

ಅಪ್ಪ ಅತ್ತಿಯ ಕಡೆ ವಾಲಿದ.

"ಅಲ್ಲ ಅನ್ನ ಗಿರ್ಜಿ."

ಇದೇ ಹೊತ್ತು ಎಂದು ಸೊಂಟದ ಚೀಲ ಎಳೆದುಕೊಂಡು ಎದ್ದು ನಿಂತೆ. "ಅತ್ತಿ ಹುಬ್ಬಳ್ಳಿಗೆ ಹೋಗೇ ಇಲ್ಲ," ಎನ್ನಲು ಬಾಯಿ ತೆರೆದಿದ್ದೆ. ಅತ್ತಿ ನನ್ನ ಕೈಯಲ್ಲಿದ್ದುದನ್ನು ಕಂಡಳು. ನನ್ನ ಮಣಿಕಟ್ಟನ್ನು ಹಿಡಿದು, ನೋವಾಗುವಷ್ಟು ಒತ್ತಿ, ಕೆಳಗೆ ಎಳೆದು ಕೂರಿಸಿದಳು. ಚೀಲ ಅವಳ ಸೆರಗಿನೊಳಗೆ ಹೋಯಿತು.

"ಸುಮ್ಮನ ಕುಂದ್ರ ಶೈಲಾ." ಆಮೇಲೆ ಹಿರಿಯರ ಕಡೆ ತಿರುಗಿದಳು. "ಹೌದೋ ಅಲ್ಲೋ, ನೀವ ಕೇಳಿ ಹೇಳ್ರಿ ಮಾಮಾ."

ಹಾಗೆಂದು ಅವಳು ಹಾಡಿದಳು. ತಲೆಯ ಮೇಲಿನ ಸೆರಗು ಹಾಗೇ ಇತ್ತು, ಕೈಗಳು ಮಡಿಲಲ್ಲಿದ್ದವು. ಮೊದಲು ಆ ಮಾತಿಲ್ಲದ ಗುನುಗು, ಅದರ ಹಿಂದೆ ಆ ಸಾಲು. ಎಣ್ಣೆಯ ಸದ್ದಿಲ್ಲದೆ ನಾನು ಅವಳ ದನಿ ಕೇಳಿದ್ದು ಅದೇ ಮೊದಲು. ಅದು ನೆಲದ ಮೇಲೆ ಹರಿದು ಬಂದು ನಾವು ಕುಳಿತ ಕಲ್ಲಿಗೆ ತಾಗಿದಂತೆ ಅನಿಸಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅತ್ತಿಯ ಗಂಡ ಮೊದಲ ಸಲ ಮುಖ ಎತ್ತಿ ಅವಳನ್ನು ನೋಡಿದ. ಹಾಡು ಮುಗಿದಾಗ ಅಲ್ಲಿದ್ದ ಯಾರಿಗೂ ಸಂಶಯ ಉಳಿದಿರಲಿಲ್ಲ. ಕ್ಯಾಸೆಟ್ಟಿನ ದನಿ ಅವಳದೇ ಎಂದು ಅವರೆಲ್ಲರಿಗೂ ಖಾತ್ರಿಯಾಗಿತ್ತು. ನನಗೂ ಒಂದು ಗಳಿಗೆ ಹಾಗೇ ಅನಿಸಿತು.

ಚನ್ನಬಸಪ್ಪನವರು ಎದ್ದು ಧೋತರ ಸರಿಪಡಿಸಿಕೊಂಡರು. "ಆತು. ಇನ್ನ ಮಾತ ಬ್ಯಾಡ," ಎಂದರು. ಚಹಾ ಬಂತು. ಯಾರೂ ಮುಟ್ಟಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಮುಂದೆ, ಡ್ರೈವರನ ಹಿಂದಿನ ಸೀಟಿನಲ್ಲಿ, ಒಬ್ಬನೇ ಕುಳಿತ. ಅತ್ತಿಯೂ ನಾನೂ ಹಿಂದೆ ಕುಳಿತೆವು. ಶಿಗ್ಗಾಂವಿಯ ನಿಲ್ದಾಣದಲ್ಲಿ ಬಸ್ಸು ಬಹಳ ಹೊತ್ತು ನಿಂತಿತು, ಅಲ್ಲಿಯ ಚಹಾದಂಗಡಿಯಲ್ಲಿ ಅದೇ ಬಡಬಡ ಹಾಡು. ಹೆಣ್ಣಿನ ದನಿ ಬಂದಾಗ ಅತ್ತಿ ಕಿಟಕಿಯ ಕಂಬಿಗೆ ಹಣೆ ಹಚ್ಚಿ ಕೇಳಿದಳು.

"ಎಷ್ಟ ಚಂದ ಹಾಡ್ಯಾಳ ನೋಡ. ಯಾರ ಮಗಳೋ ಏನೋ."

"ಮತ್ತ ನೀ ಯಾಕ ಅಲ್ಲ ಅನ್ನಲಿಲ್ಲ ಅತ್ತಿ? ನೀ ಹಿರೇಕೆರೂರಿಗೆ ಹೋಗಿದ್ದಿ, ನನಗ ಗೊತ್ತೈತಿ."

ಅವಳು ಮುಂದಿನ ಸೀಟಿನ ಕಡೆ ನೋಡಿ, ದನಿ ತಗ್ಗಿಸಿ ಹೇಳಿದಳು. ಗಂಡ ಮೆಣಸಿನಕಾಯಿ ವ್ಯಾಪಾರಕ್ಕೆ ಊರು ಬಿಟ್ಟ ಸುದ್ದಿ ಕೇಳಿ, ಆ ಇನ್ನೊಬ್ಬಳ ಜೊತೆ ಜಗಳ ಮಾಡಬೇಕೆಂದೇ ಅವಳು ಹೋಗಿದ್ದಳು. ಬಾಗಿಲು ತೆರೆದವಳು ಅತ್ತಿಗಿಂತ ಚಿಕ್ಕವಳು, ಸುಶೀಲಾ ಎಂದು ಹೆಸರು. ಅವಳ ಹೆಗಲ ಮೇಲೆ ಜ್ವರದ ಕೂಸು.

"ಮೂರ ದಿನ ಆ ಕೂಸಿನ ಮೈ ಕಾದ ಹಂಚ ಆಗಿತ್ತ. ಜಗಳಾ ಎಲ್ಲಿಂದ ಮಾಡಲಿ? ಇಬ್ಬರೂ ಪಾಳಿ ಹಚ್ಚಿ ಎತ್ತಿಕೊಂಡ ಕುಂತ್ವಿ. ನಾಕನೇ ದಿನ ಜ್ವರ ಬಿಟ್ಟಿತು, ನಾ ಬಂದೆ. ನಾ ಆ ಮನಿಗೆ ಹೊಳ್ಳಿ ಹೋದರ ಅಕಿನ್ನೂ ಕೂಸಿನ್ನೂ ಹೊರಗ ಹಾಕತಾರ. ಅಕಿಗೆ ತವರ ಇಲ್ಲ ಶೈಲಾ. ನನಗರೆ ನೀವು ಅದೀರಿ."

"ಅಪ್ಪಗ ಹೇಳಬೇಕಿತ್ತು."

"ಏನಂತ ಹೇಳಲಿ? ಒಲ್ಲೆ ಅಂತ ನಾಕ ಸಲ ಹೇಳಿದೆ. ಯಾರ ಕಿವಿಗೂ ಬೀಳಲಿಲ್ಲ. ಆ ಹಾಡಿನ್ಯಾಗಿನ ದನಿ ಎಲ್ಲಾರ ಕಿವಿಗೂ ಬಿತ್ತು."

ಬಸ್ಸು ಹೊರಟಿತು.

ಮನೆಯಲ್ಲಿ ಒಂದು ತಿಂಗಳು ಅತ್ತಿಯ ಜೊತೆ ಅವ್ವನನ್ನು ಬಿಟ್ಟು ಯಾರೂ ಮಾತಾಡಲಿಲ್ಲ. ಆಯಿ ತನ್ನ ನೀರಿನ ತಂಬಿಗೆಯನ್ನು ಅವಳಿಗೆ ಮುಟ್ಟಗೊಡಲಿಲ್ಲ. ಅತ್ತಿ ಎಂದಿನಂತೆ ಭಟ್ಟಿಯ ಮುಂದೆ ಕುಳಿತು ಸೇವು ಒತ್ತಿದಳು. ಒಂದೇ ವ್ಯತ್ಯಾಸ, ಈಗ ಎಣ್ಣೆ ಕಾಯುವ ಮೊದಲೇ ಹಾಡಲು ಶುರುಮಾಡುತ್ತಿದ್ದಳು. ಅಂಗಡಿಗೆ ಬರುವವರು ಒಳಗೆ ಇಣುಕಿ ನೋಡುವುದು ಹೆಚ್ಚಾಯಿತು. ಆಮೇಲೆ ಹೊಸ ಸಿನಿಮಾ ಬಂತು, ಮಾಬುಕಾಕಾನ ಅಂಗಡಿಯಲ್ಲಿ ಹಾಡು ಬದಲಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಅಪ್ಪನೇ ಪರವೂರಿನ ಗಿರಾಕಿಗಳಿಗೆ, "ಅದು ನಮ್ಮ ತಂಗಿ ಹಾಡಿದ್ದರಿ," ಎಂದು ತುಸು ತಗ್ಗಿದ ದನಿಯಲ್ಲಿ ಹೇಳುವುದನ್ನು ನಾನು ಕೇಳಿದೆ. ಅತ್ತಿಯೂ ಕೇಳಿಸಿಕೊಂಡಳು. ತಿದ್ದಲಿಲ್ಲ.

ನಾನು ಮುಂದೆ ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿಯಾದೆ. ಕಟಕಟೆ ಹತ್ತಿದವರು ಹೇಳುವುದನ್ನು ಬರೆಯುವುದು ನನ್ನ ಕೆಲಸ. ಇಷ್ಟು ವರ್ಷಗಳಲ್ಲಿ ಯಾರ ಮಾತನ್ನೂ ನಾನು ಒಂದೇ ಸಲಕ್ಕೆ ನಂಬಿದವಳಲ್ಲ. ಮನೆಯಲ್ಲೂ ಹಾಗೇ, ಮಕ್ಕಳು ಬೈಯುತ್ತಾರೆ. ಆದರೆ ಸುಮ್ಮನೆ ನಿಂತವರನ್ನು ಕಂಡಾಗ ಇವರು ಏನು ಮುಚ್ಚಿಡುತ್ತಿದ್ದಾರೆ ಎಂದು ಕೇಳುವ ಮೊದಲು, ಇವರು ಈಗಾಗಲೇ ಎಷ್ಟು ಸಲ ಹೇಳಿರಬಹುದು ಎಂದು ಯೋಚಿಸುವುದನ್ನು ಕಲಿತಿದ್ದೇನೆ.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಸಂತೆಯ ದಿನ, ಮಧ್ಯಾಹ್ನ, ಹೆಂಗಸೊಬ್ಬಳು ಸಣ್ಣ ಹುಡುಗಿಯ ಕೈ ಹಿಡಿದುಕೊಂಡು ಅಂಗಡಿಗೆ ಬಂದಳು. ಅಪ್ಪ ಊಟಕ್ಕೆ ಕುಳಿತಿದ್ದ, ಅಂಗಡಿಯಲ್ಲಿ ನಾನಿದ್ದೆ. ಅತ್ತಿ ಸೇವಿನ ಬುಟ್ಟಿ ಹೊತ್ತು ಒಳಗಿನಿಂದ ಬಂದವಳು ನಿಂತುಬಿಟ್ಟಳು. ಇಬ್ಬರೂ ಹೆಸರು ಹಿಡಿದು ಕರೆಯಲಿಲ್ಲ. ಅತ್ತಿ ಬುಟ್ಟಿ ಇಳಿಸಿ, ಕೈಯ ಎಣ್ಣೆಯನ್ನು ಸೀರೆಗೆ ಒರೆಸಿಕೊಂಡು, ಹುಡುಗಿಯ ಹಣೆಯ ಮೇಲೆ ಅಂಗೈ ಇಟ್ಟಳು. ಬಿಸಿಯಿದೆಯೇ ಎಂದು ನೋಡುವವರ ಹಾಗೆ, ಸ್ವಲ್ಪ ಹೊತ್ತು. ಹುಡುಗಿ ನಕ್ಕಳು. ಆ ಹೆಂಗಸು ಕಣ್ಣು ಒರೆಸಿಕೊಂಡು, ಖಾರಾದ ಪೊಟ್ಟಣ ತೆಗೆದುಕೊಂಡು, ಬಂದ ದಾರಿಯಲ್ಲೇ ಹೋದಳು.

ಪಡಸಾಲೆಯಲ್ಲಿ ಕುಳಿತಿದ್ದ ಆಯಿಗೆ ಆಗ ಕಣ್ಣು ಮಂಜಾಗಿದ್ದರೂ ಕಿವಿ ಚುರುಕಾಗಿಯೇ ಇತ್ತು.

"ಯಾರ ಅಕಿ, ಅಷ್ಟೊತ್ತು ನಿಂತಾಕಿ?"

"ಗಿರಾಕಿ," ಎಂದು ಅತ್ತಿ ಒಳಗೆ ಹೋದಳು.

ಆಯಿಗೆ ಸಮಾಧಾನವಾಗಲಿಲ್ಲ. ನನ್ನನ್ನು ಹತ್ತಿರ ಕರೆದು, ಕೈ ಹಿಡಿದು, ಮತ್ತೆ ಕೇಳಿದಳು.

"ಶೈಲಾ, ನೀ ಖರೇ ಹೇಳು. ನಿನಗ ಗೊತ್ತೈತೇನ ಅಕಿ ಯಾರಂತ?"

"ಇಲ್ಲ ಆಯಿ," ಎಂದೆ. "ನಾ ಎಂದೂ ನೋಡಿಲ್ಲ."